ದೇವರ ಡಬ್ಬಿಯಲ್ಲಿದ್ದ ಲೈಸೆನ್ಸು

ಭವಾನಿಪುರಂ, ವಿಜಯವಾಡ
12 ಜೂನ್ 2017

ಜಲಜಾ,

ಮೊದಲು ಡಬ್ಬಿ ತೆಗೆದು ನೋಡು. ಗೋಂಗೂರ ಸೊಪ್ಪಿನ ಉಪ್ಪಿನಕಾಯಿಯ ಎಣ್ಣೆ ಚೆಲ್ಲಿದ್ದರೆ ಅದು ನಿನ್ನ ಗಂಡನ ಡ್ರೈವಿಂಗಿನ ತಪ್ಪು, ನನ್ನ ಮುಚ್ಚಳದ ತಪ್ಪಲ್ಲ. ಈ ಕಾಗದವನ್ನೂ ಓಂಕಾರಪ್ಪನ ಕೈಲೇ ಕೊಟ್ಟಿದ್ದೇನೆ. ಫೋನಿನಲ್ಲಿ ನನಗೆ ಅರ್ಧ ಮಾತು ಕೇಳಿಸುವುದಿಲ್ಲ, ಇನ್ನರ್ಧಕ್ಕೆ ಸೊಸೆ ಶಾರದಾ ಅಡ್ಡ ಬಂದು ಉತ್ತರ ಕೊಟ್ಟುಬಿಡುತ್ತಾಳೆ. ಕಾಗದವಾದರೆ ಆ ಕಾಟವಿಲ್ಲ. ಅವಳಿಗೆ ತೆಲುಗು ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ಮಗ ದಕ್ಷಿಣಾಮೂರ್ತಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೇ ಈ ಮನೆಗೆ ಪಂಡಿತೆ!

ಒಂದು ಸಂಗತಿ ಕೇಳಿ ನನಗೆ ಎದೆ ಒಡೆದಂತಾಗಿದೆ. ಆಟೋನಗರದ ನಮ್ಮ ಶೆಡ್ಡಿನಲ್ಲಿ ಅರ್ಧ ಲಾರಿಗಳು ನಿಂತೇ ಇವೆಯಂತೆ. ಲೋಡಿದೆ, ಡೀಸೆಲ್ ಇದೆ, ಟೈರು ಹೊಸದು, ಓಡಿಸುವ ಗಂಡಸಿಲ್ಲ. ನನ್ನ ಯಜಮಾನರ ಕಾಲದಲ್ಲಿ ಡ್ರೈವರುಗಳು ನಮ್ಮ ಜಗುಲಿಯ ಮೇಲೆ ಬಂದು ಕೂತಿರುತ್ತಿದ್ದರು, ಎಬ್ಬಿಸಿ ಕಸ ಗುಡಿಸಬೇಕಾಗಿತ್ತು. ಈಗ ಮೂರ್ತಿ ಚಹಾ ಅಂಗಡಿಗೆ ಹೋಗಿ ಕೇಳಿದರೆ, ಹೆಣ್ಣು ನೋಡಲು ಬಂದವರ ಹಾಗೆ ‘ಯೋಚಿಸಿ ಹೇಳ್ತೀವಿ’ ಅನ್ನುತ್ತಾರಂತೆ. ನಮ್ಮ ಮೊಳಕಾಲ್ಮೂರು ಕಡೆ ನಿನ್ನ ನೆಂಟರಲ್ಲಿ ಯಾರಾದರೂ ಹುಡುಗರಿದ್ದರೆ ಬರೆ. ನಿನ್ನ ತಮ್ಮ ಇದ್ದನಲ್ಲ?

ನಮ್ಮಲ್ಲಿ ಡ್ರೈವರನ್ನು ಮನೆಮಗನ ಹಾಗೆ ನೋಡುತ್ತೇವೆ ಅಂತ ಹೇಳು. ಸೇರಿದ ದಿನವೇ ಅವನ ಲೈಸೆನ್ಸನ್ನು ಅಮ್ಮನವರ ಪಟದ ಮುಂದೆ ಇಟ್ಟು, ಆಮೇಲೆ ದೇವರ ಕೋಣೆಯ ಹಿತ್ತಾಳೆ ಡಬ್ಬಿಯಲ್ಲಿ ಇಡುವುದು ನಮ್ಮ ಪದ್ಧತಿ. ಯಜಮಾನರು ಆಯುಧಪೂಜೆಗೆ ಇಡಿಸಿಕೊಂಡು ಮರುದಿನ ಕೊಟ್ಟುಬಿಡುತ್ತಿದ್ದರು. ಮೂರ್ತಿಗೆ ಭಕ್ತಿ ಹೆಚ್ಚು, ವರ್ಷವಿಡೀ ಇಡಿಸುತ್ತಾನೆ. ರಸ್ತೆಯಲ್ಲಿ ತೋರಿಸಲು ಜೆರಾಕ್ಸ್ ಸಾಕಂತೆ. ಪ್ರತಿ ಶುಕ್ರವಾರ ನಾನೇ ಒಂದೊಂದಕ್ಕೂ ಕುಂಕುಮ ಹಚ್ಚುತ್ತೇನೆ. ಇಷ್ಟು ಮಾಡಿದರೂ ಆ ವೆಂಕಟೇಶ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದನಲ್ಲ! ಲೈಸೆನ್ಸು ಇಲ್ಲೇ ಬಿದ್ದಿದೆ. ದೇವರ ಹತ್ತಿರ ಇಟ್ಟದ್ದನ್ನು ಕೇಳುವುದಕ್ಕೂ ಬರಲಿಲ್ಲ. ಎಂಥ ಕೊಬ್ಬು ನೋಡು.

ಮಗುವಿಗೆ ಉಪ್ಪಿನಕಾಯಿ ಕೊಡಬೇಡ, ಖಾರ.

ಲಕ್ಷ್ಮೀಕಾಂತಮ್ಮ


ಮಲ್ಕಾಪುರಂ, ವಿಶಾಖಪಟ್ಟಣ
23 ಜೂನ್ 2017

ಅಮ್ಮನವರಿಗೆ ಜಲಜಾ ಮಾಡುವ ನಮಸ್ಕಾರ.

ಎಣ್ಣೆ ಒಂದು ಹನಿಯೂ ಚೆಲ್ಲಿಲ್ಲ. ಡಬ್ಬಿಯನ್ನು ನಾನೇ ಬಂದರಿನ ಗೇಟಿಗೆ ಹೋಗಿ ಇಸಿದುಕೊಂಡು ಬಂದೆ. ಇವರು ಊರಿಗೆ ಬಂದಿದ್ದರು, ಮನೆಗೆ ಬರಲಾಗಲಿಲ್ಲ. ಗೇಟಿನ ಮುಂದೆ ಲಾರಿಗಳ ಸಾಲು ನಿಂತರೆ ಇಳಿಯುವ ಹಾಗಿಲ್ಲವಮ್ಮ. ಸಾಲು ಯಾವಾಗ ಸರಿಯುತ್ತದೋ ಯಾರಿಗೂ ಗೊತ್ತಿಲ್ಲ. ಮೊದಲು ಕ್ಲೀನರ್ ಒಬ್ಬ ಜೊತೆಗಿರುತ್ತಿದ್ದ, ಈಗ ಅವನೂ ಇಲ್ಲ. ಲಾರಿ ಬಿಟ್ಟು ಹೋದಾಗ ಡೀಸೆಲ್ಲೋ ಬ್ಯಾಟರಿಯೋ ಟಾರ್ಪಾಲೋ ಕಳುವಾದರೆ ಡ್ರೈವರನ ಸಂಬಳದಲ್ಲಿ ಹಿಡಿಯುವುದು ವಾಡಿಕೆಯಂತೆ. ಅದಕ್ಕೆ ಊಟದ ಕ್ಯಾರಿಯರ್ ನಾನೇ ಒಯ್ಯುತ್ತೇನೆ. ಕಲ್ಲಿದ್ದಲ ಪುಡಿ ಹಾರುತ್ತಿರುತ್ತದೆ, ಅನ್ನಕ್ಕೆ ಸೆರಗು ಮುಚ್ಚಿ ತಿನ್ನಿಸುತ್ತೇನೆ.

ಬಂದರಿನ ಹತ್ತಿರ ಮನೆ ಮಾಡಿದರೆ ಇವರು ಕಣ್ಣಿಗೆ ಸಿಗುತ್ತಾರೆ ಅಂತ ಇಲ್ಲಿಗೆ ಬಂದದ್ದು. ಕಣ್ಣಿಗೆ ಸಿಗುತ್ತಾರೆ. ಹೋದ ತಿಂಗಳು ಇವರು ಒಮ್ಮೆ ಮನೆಗೆ ಬಂದಾಗ ಮಗಳು ಬಿಂದು, ಬಂದವರಿಗೆ ನೀರು ಕೊಡಬೇಕು ಅಂತ ನಾನು ಕಲಿಸಿದ್ದೆನಲ್ಲ, ನೆಂಟರ ಲೋಟವನ್ನು ತಟ್ಟೆಯಲ್ಲಿಟ್ಟು ಅವರಪ್ಪನ ಮುಂದೆ ಹಿಡಿದಳು. ಇವರು ನಗುತ್ತಲೇ ಕುಡಿದರು.

ತಮ್ಮ ಬರುವುದಿಲ್ಲಮ್ಮ. ಲಾರಿ ಡ್ರೈವರ್ ಅಂದರೆ ಹೆಣ್ಣು ಕೊಡುವುದಿಲ್ಲ ಅಂತ ಎರಡು ಕಡೆ ಹೇಳಿದ ಮೇಲೆ ಅವನು ಮೊಬೈಲ್ ಅಂಗಡಿ ಸೇರಿದ್ದಾನೆ. ಸಂಬಳ ಕಡಿಮೆ, ಆದರೆ ಫ್ಯಾನಿನ ಕೆಳಗೆ ಕೂತಿರುತ್ತಾನೆ. ಹೆಣ್ಣೂ ಗೊತ್ತಾಗಿದೆ.

ಒಂದು ಮಾತು. ಇವರ ಲೈಸೆನ್ಸೂ ಆ ಡಬ್ಬಿಯಲ್ಲಿ ಇದೆಯೇ?

ಜಲಜಾ


ಭವಾನಿಪುರಂ
4 ಜುಲೈ 2017

ಜಲಜಾ,

ನಿನ್ನ ಕಾಗದ ಓದಿ ಅರ್ಧ ಊಟಕ್ಕೇ ಎದ್ದುಬಿಟ್ಟೆ. ಊರಿಗೆ ಬಂದ ಗಂಡ ಮನೆಗೆ ಬರುವುದಿಲ್ಲ ಅಂದರೇನು? ನನ್ನ ಯಜಮಾನರೂ ಡ್ರೈವರೇ, ಆಮೇಲೆ ಮಾಲೀಕರಾದರು. ಎಷ್ಟು ದೂರದಿಂದ ಬಂದರೂ ಮೊದಲು ನನ್ನ ಸಾರು, ಆಮೇಲೆ ಅನ್‌ಲೋಡಿಂಗ್. ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡ, ಸಾರಿಗೆ ಸ್ವಲ್ಪ ಬೆಲ್ಲ ಹಾಕಿ ನೋಡು. ಗಂಡಸರು ಸಾವಿರ ನೆಪ ಹೇಳುತ್ತಾರೆ, ಬ್ಯಾಟರಿ ಅನ್ನುವುದು ಅದರಲ್ಲೊಂದು.

ನೆಂಟರ ಲೋಟದ ಸಂಗತಿ ಶಾರದಾಗೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

ಲೈಸೆನ್ಸಿನ ಬಗ್ಗೆ ಕೇಳಿದೆಯಲ್ಲ, ಒಳ್ಳೆಯ ಮನೆತನದ ಹುಡುಗಿ ನೀನು. ಬೇರೆ ಯಾವ ಡ್ರೈವರನ ಹೆಂಡತಿಯೂ ಇದುವರೆಗೆ ವಿಚಾರಿಸಿಲ್ಲ. ಓಂಕಾರಪ್ಪನದು ಮೇಲೆಯೇ ಇದೆ. ನಿನ್ನ ಹೆಸರು ಹೇಳಿ ಕುಂಕುಮ ಹಚ್ಚಿದ್ದೇನೆ.

ಲಕ್ಷ್ಮೀಕಾಂತಮ್ಮ


ಮಲ್ಕಾಪುರಂ
21 ಜುಲೈ 2017

ಅಮ್ಮನವರಿಗೆ,

ಈ ಕಾಗದ ಅಂಚೆಯಲ್ಲಿ ಬಂದದ್ದಕ್ಕೆ ಆಶ್ಚರ್ಯಪಡಬೇಡಿ. ಲಾರಿ ಯಾವಾಗ ಬರುತ್ತದೋ ತಿಳಿಯದು, ಅದಕ್ಕೆ.

ಬಿಂದುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಒಂದು ಖಾತೆ ಮಾಡಿಸಬೇಕು. ಅಪ್ಪನ ಅಸಲು ಲೈಸೆನ್ಸು ನೋಡಬೇಕು ಅನ್ನುತ್ತಿದ್ದಾರೆ. ನೀವು ಅದನ್ನು ಒಂದು ಕವರಿನಲ್ಲಿ ಹಾಕಿ ಈ ವಿಳಾಸಕ್ಕೆ ಕಳಿಸಿದರೆ ದೊಡ್ಡ ಉಪಕಾರ. ಆಗಸ್ಟ್ ಎಂಟರೊಳಗೆ ನನ್ನ ಕೈಗೆ ಬರಬೇಕು. ಕೆಲಸ ಆದ ಮೇಲೆ ನಾನೇ ಹಿಂದಕ್ಕೆ ಕಳಿಸುತ್ತೇನೆ.

ಮೂರ್ತಿಯಣ್ಣನವರಿಗೆ ಹೇಳುವಷ್ಟು ದೊಡ್ಡ ವಿಷಯವಲ್ಲ. ಅವರಿಗೆ ಮೊದಲೇ ಸಾವಿರ ತಲೆನೋವು.

ಸಾರಿಗೆ ಬೆಲ್ಲ ಹಾಕುತ್ತಿದ್ದೇನೆ.

ಜಲಜಾ


ಭವಾನಿಪುರಂ
31 ಜುಲೈ 2017

ಜಲಜಾ,

ನಿನಗೆ ಸಂಕೋಚ ಹೆಚ್ಚು. ಮಾಲೀಕರಿಗೆ ತೊಂದರೆ ಕೊಡಬಾರದು ಅಂತ ಮುದುಕಿಯ ಹತ್ತಿರ ಗುಟ್ಟಾಗಿ ಕೇಳುವುದಾ? ನಾನು ಊಟಕ್ಕೆ ಕೂತಾಗ ಮೂರ್ತಿಗೇ ಹೇಳಿದೆ. “ಪಾಪ, ಆ ಹುಡುಗಿ ಮಗಳ ಹೆಸರಲ್ಲಿ ದುಡ್ಡು ಕೂಡಿಡಬೇಕು ಅಂತಾಳೆ, ಎಂಟನೇ ತಾರೀಕಿನೊಳಗೆ ಲೈಸೆನ್ಸು ಬೇಕಂತೆ” ಅಂದೆ.

ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡು, “ಎಂಟನೇ ತಾರೀಕಾ? ಅವಳೇ ಬರೆದಳಾ?” ಅಂದ.

“ಹೂಂ ಕಣೋ. ನಿನಗೆ ಹೇಳಬೇಡಿ ಅಂತಲೂ ಬರೆದಿದ್ದಾಳೆ. ಅಷ್ಟು ಮರ್ಯಾದೆ.”

ನೋಡು, ಎಷ್ಟು ಒಳ್ಳೆಯವನು. ಊಟ ಮುಗಿಸಿದವನೇ ಡಬ್ಬಿಯಿಂದ ಓಂಕಾರಪ್ಪನ ಲೈಸೆನ್ಸು ತೆಗೆದುಕೊಂಡ. “ನೀನು ಅಂಚೆಗೆ ಹಾಕಿ ಎಲ್ಲಾದರೂ ಕಳೆದುಹೋದರೆ? ನಾನೇ ನೋಡ್ಕೋತೀನಿ” ಅಂದ. ಅಷ್ಟೇ ಅಲ್ಲ, ನಿನ್ನ ಗಂಡನಿಗೆ ರಾಯಪುರದ ಕಡೆಯ ದೊಡ್ಡ ಟ್ರಿಪ್ ಕೊಡಿಸಿದ್ದಾನೆ. ಭತ್ಯೆ ಜಾಸ್ತಿ ಸಿಗುತ್ತದಂತೆ. ಎಲ್ಲ ನೀನು ಕೇಳಿದ್ದರಿಂದ. ಇನ್ನು ಮೇಲಾದರೂ ಬಾಯಿ ಬಿಟ್ಟು ಕೇಳುವುದನ್ನು ಕಲಿ.

ಲಕ್ಷ್ಮೀಕಾಂತಮ್ಮ


ಭವಾನಿಪುರಂ
19 ಆಗಸ್ಟ್ 2017

ಜಲಜಾ,

ಲೈಸೆನ್ಸು ಬಂತಾ? ಖಾತೆ ಆಯಿತಾ? ಒಂದು ಸಾಲು ಬರೆಯುವುದಕ್ಕೆ ಏನು ಕಷ್ಟ? ಉಪಕಾರ ಮಾಡಿದವರನ್ನು ಮರೆಯುವುದರಲ್ಲಿ ನೀನೂ ವೆಂಕಟೇಶನ ಜಾತಿಯೇ ಅಂತ ಅಂದುಕೊಳ್ಳಲೇ?

ಲಕ್ಷ್ಮೀಕಾಂತಮ್ಮ


ಮಲ್ಕಾಪುರಂ
28 ಆಗಸ್ಟ್ 2017

ಅಮ್ಮಾ,

ಬ್ಯಾಂಕು ಸುಳ್ಳು. ನಾನು ನಿಮಗೆ ಸುಳ್ಳು ಬರೆದೆ.

ಬಂದರಿನ ಪಕ್ಕದ ಒಂದು ಕಂಟೈನರ್ ಯಾರ್ಡಿನಲ್ಲಿ ಟ್ರೈಲರ್ ಓಡಿಸುವ ಕೆಲಸ ಇವರಿಗೆ ಸಿಕ್ಕಿತ್ತು. ಯಾರ್ಡಿನ ಒಳಗೇ ಓಡಿಸುವುದು. ಪಾಳಿ ಮುಗಿದರೆ ಮನೆಗೆ ಬರುವುದು. ಆಗಸ್ಟ್ ಒಂಬತ್ತಕ್ಕೆ ಅಸಲು ಲೈಸೆನ್ಸು ತಂದು ತೋರಿಸಿದರೆ ಗೇಟ್ ಪಾಸು ಕೊಡುತ್ತೇವೆ ಅಂದಿದ್ದರು. ಆ ಒಂಬತ್ತನೇ ತಾರೀಕು ಇವರು ರಾಯಪುರದ ದಾರಿಯ ಘಾಟಿನಲ್ಲಿದ್ದರು. ಮೂರ್ತಿಯಣ್ಣನವರು ಫೋನಿನಲ್ಲಿ ಒಂದೇ ಮಾತು ಹೇಳಿದರಂತೆ: “ಬ್ಯಾಂಕಿಗೆ ಜೆರಾಕ್ಸ್ ಸಾಕು ಅಂತ ನನಗೂ ಗೊತ್ತಿದೆ ಓಂಕಾರಪ್ಪ.”

ಆ ಟ್ರಿಪ್ಪಿನಲ್ಲಿ ಕಣ್ಣು ತೆರೆದಿದ್ದಂತೆಯೇ ನಿದ್ದೆ ಬಂದಿತ್ತಂತೆ. ಎಚ್ಚರವಾದಾಗ ಮುಂದಿನ ಚಕ್ರ ಕಣಿವೆಯ ಅಂಚಿನ ಕಲ್ಲಿಗೆ ತಾಗಿ ನಿಂತಿತ್ತು. ಅದನ್ನು ಇವರು ನಗುತ್ತಾ ಹೇಳಿದರು. ಮನೆಗೆ ಬಂದ ನೆಂಟರ ಹಾಗೆ, ಗೋಡೆಗೆ ಒರಗಿ ಕೂತು.

ನಿಮ್ಮ ಡಬ್ಬಿಯಲ್ಲಿ ಲೈಸೆನ್ಸು ಇಟ್ಟವರು ಯಾರೂ ಭಕ್ತಿಯಿಂದ ಇಟ್ಟಿಲ್ಲ. ಕೊಟ್ಟರೆ ಕೆಲಸ ಬಿಟ್ಟು ಹೋಗುತ್ತಾರೆ ಅಂತ ಮೂರ್ತಿಯಣ್ಣನವರು ಹಿಡಿದಿಟ್ಟುಕೊಂಡದ್ದು. ವೆಂಕಟೇಶಣ್ಣ ಕೇಳಲು ಬಂದಿದ್ದರು. ಶೆಡ್ಡಿನಲ್ಲಿ ಕೇಳಿದ್ದಕ್ಕೆ, ಡೀಸೆಲ್ ಕದ್ದ ಅಂತ ಪೊಲೀಸಿಗೆ ಕೊಡುತ್ತೇನೆ ಅಂದರಂತೆ. ಕಳೆದುಹೋಗಿದೆ ಅಂತ ಠಾಣೆಯಲ್ಲಿ ಬರೆಸಿ ಇನ್ನೊಂದು ಮಾಡಿಸಲೂ ಹೆದರಿ, ಈಗ ಅನಕಾಪಲ್ಲಿಯ ಒಂದು ಪೆಟ್ರೋಲ್ ಬಂಕಿನಲ್ಲಿ ಬೇರೆಯವರ ಗಾಡಿ ತೊಳೆಯುತ್ತಾರೆ.

ಇನ್ನು ಉಪ್ಪಿನಕಾಯಿ ಕಳಿಸಬೇಡಿ.

ಜಲಜಾ


ಭವಾನಿಪುರಂ
11 ಸೆಪ್ಟೆಂಬರ್ 2017

ಜಲಜಾ,

ಕಾಗದ ಓದಿದ ಮೇಲೆ ಗೋಡೆ ಹಿಡಿದುಕೊಂಡು ದೇವರ ಕೋಣೆಗೆ ಹೋದೆ. ಡಬ್ಬಿಯನ್ನು ಮಡಿಲಲ್ಲಿ ಸುರಿದುಕೊಂಡೆ. ಇದುವರೆಗೆ ನಾನು ಅವುಗಳ ಮೇಲೆ ಕುಂಕುಮ ಹಚ್ಚಿದ್ದೆ, ಮುಖ ನೋಡಿರಲಿಲ್ಲ. ವರ್ಷಗಟ್ಟಲೆ ಶುಕ್ರವಾರದ ಕುಂಕುಮ ಫೋಟೋಗಳ ಮೇಲೆ ಗಟ್ಟಿಯಾಗಿ ಕೂತಿತ್ತು. ಒದ್ದೆ ಬಟ್ಟೆಯಿಂದ ಒಂದೊಂದನ್ನೇ ಉಜ್ಜಿದೆ. ಕೆಳಗಿನಿಂದ ಕಣ್ಣು ಬಂತು, ಮೀಸೆ ಬಂತು. ನನ್ನ ಕೈಯಲ್ಲಿ ಊಟ ಮಾಡಿದವರು, ‘ಅಮ್ಮಾ ಹೋಗಿಬರ್ತೀವಿ’ ಅಂತ ಹೇಳಿ ಹೋದವರು, ಹೇಳದೆ ಹೋದವರು. ನನ್ನ ದೇವರ ಕೋಣೆಯಲ್ಲಿ ಇಷ್ಟು ಜನ ಇದ್ದಾರೆ ಅಂತ ನನಗೇ ಗೊತ್ತಿರಲಿಲ್ಲ.

ಮೂರ್ತಿ ಊಟಕ್ಕೆ ಬಂದ. ಅವನ ತಟ್ಟೆಯ ಪಕ್ಕದಲ್ಲಿ ಎಲ್ಲವನ್ನೂ ಹರವಿಟ್ಟಿದ್ದೆ.

“ಇದೇನೋ?”

“ಭದ್ರವಾಗಿರಲಿ ಅಂತ ಅಲ್ವೇನಮ್ಮಾ?”

“ಯಾರಿಗೆ ಭದ್ರ?”

ಅವನು ಅನ್ನಕ್ಕೆ ಬೇಳೆಯ ಪಪ್ಪು ಕಲಸಿದ. ನಾನು ತಟ್ಟೆ ಎಳೆದೆ. ಶಾರದಾ “ಅತ್ತಯ್ಯಾ, ತಿನನಿವ್ವಂಡಿ” ಅಂತ ಓಡಿಬಂದಳು. ಗಂಡ ಉಣ್ಣಲಿ ಬಿಡಿ ಅಂತ. “ನೀನು ಸುಮ್ನಿರು, ಇವನು ಉಣ್ಣುತ್ತಿರುವುದು ಏನು ಅಂತ ಮೊದಲು ಹೇಳಲಿ” ಅಂದೆ.

ಆಗ ಅವನಿಗೆ ಸಿಟ್ಟು ಬಂತು. “ಅಮ್ಮಾ, ಲಾರಿ ನಿಂತರೆ ಕಂತು ನಿಲ್ಲಲ್ಲ. ಲೈಸೆನ್ಸು ಕೈಗೆ ಕೊಟ್ಟರೆ ನಾಳೆ ಒಬ್ಬನೂ ಇರಲ್ಲ. ನಾನೊಬ್ಬನೇ ಹೀಗೆ ಮಾಡ್ತಿದೀನಾ?”

“ಎಲ್ಲರ ಮನೆಯಲ್ಲೂ ತಾಯಿ ಕೂತು ಕುಂಕುಮ ಹಚ್ಚುತ್ತಾಳಾ?”

“ನಾನು ಹಚ್ಚು ಅಂದೆನಾ?”

ಅದು ನಿಜ ಜಲಜಾ. ಅವನು ಅಂದಿರಲಿಲ್ಲ.

“ಓಂಕಾರಪ್ಪನದು ಎಲ್ಲಿ?”

“ಆಫೀಸಿನಲ್ಲಿ.”

“ತಂದುಕೊಡು.”

“ಕೊಡಲ್ಲ.” ಕೈ ತೊಳೆದು ಎದ್ದುಹೋದ.

ನಿನ್ನ ಗುಟ್ಟನ್ನು ಅನ್ನದ ಮುಂದೆ ಕೂತು ಬಿಚ್ಚಿದವಳು ನಾನು. ನೀನು ಸುಳ್ಳು ಬರೆಯದೆ ನಿಜ ಬರೆದಿದ್ದರೆ ನಾನು ನಂಬುತ್ತಿದ್ದೆನಾ? ಇಲ್ಲ. ಬೈದು ಬರೆಯುತ್ತಿದ್ದೆ. ಆಯುಧಪೂಜೆ ಹತ್ತಿರ ಬರುತ್ತಿದೆ. ಇದಕ್ಕಿಂತ ಹೆಚ್ಚಿಗೆ ಈಗ ಬರೆಯಲಾರೆ.

ಲಕ್ಷ್ಮೀಕಾಂತಮ್ಮ


ಭವಾನಿಪುರಂ
5 ಅಕ್ಟೋಬರ್ 2017

ಜಲಜಾ,

ಓಂಕಾರಪ್ಪ ಎಲ್ಲ ಹೇಳಿರುತ್ತಾನೆ. ಅವನು ಹೇಳಲು ಸಂಕೋಚಪಟ್ಟಿದ್ದನ್ನು ನಾನು ಬರೆಯುತ್ತೇನೆ.

ಆಯುಧಪೂಜೆಗೆ ಲಾರಿಗಳೆಲ್ಲ ಶೆಡ್ಡಿಗೆ ಬಂದಿದ್ದವು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಸಿ, ಕೀಲಿಯನ್ನು ನನ್ನ ಕೈಯಿಂದ ಡ್ರೈವರಿಗೆ ಕೊಡಿಸುವುದು ಯಜಮಾನರ ಕಾಲದ ರೂಢಿ. ನಾನು ಹಿತ್ತಾಳೆ ಡಬ್ಬಿ ಮಡಿಲಲ್ಲಿಟ್ಟುಕೊಂಡು ಮೊದಲ ಲಾರಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತೆ.

“ಓಂಕಾರಪ್ಪನದು ತರಿಸು. ಆಮೇಲೆ ಕುಂಬಳಕಾಯಿ” ಅಂದೆ.

“ಅಮ್ಮಾ, ಎಲ್ಲರೂ ನೋಡ್ತಿದಾರೆ.”

“ನೋಡಲಿ ಅಂತಲೇ ಕೂತಿರೋದು.”

ಪುರೋಹಿತರು ಇನ್ನೆರಡು ಶೆಡ್ಡುಗಳಿಗೆ ಹೋಗಬೇಕು ಅಂತ ಚಡಪಡಿಸಿದರು. ಕೊನೆಗೆ ಮೂರ್ತಿ ಮುಖ ಕಪ್ಪಗೆ ಮಾಡಿಕೊಂಡು ಒಳಗೆ ಹೋಗಿ ತಂದ. ಓಂಕಾರಪ್ಪನದನ್ನು ಮೊದಲು ಕೊಟ್ಟೆ. ಆಮೇಲೆ ಒಬ್ಬೊಬ್ಬನ ಮುಖ ನೋಡಿ ಹೆಸರು ಕರೆದೆ. ಒಬ್ಬ ಕೈ ಚಾಚಲೇ ಇಲ್ಲ. ಹೆದರಿ ನಿಂತುಬಿಟ್ಟ. “ಅಮ್ಮಾ, ನಾನೇನು ತಪ್ಪು ಮಾಡಿದೆ? ಕೆಲಸದಿಂದ ತೆಗೀತಿದೀರಾ?” ಅಂದ. ತನ್ನ ಲೈಸೆನ್ಸು ತನ್ನ ಕೈಗೆ ಬರುವುದು ಕೆಲಸ ಹೋದಾಗ ಮಾತ್ರ ಅಂತ ಅವನ ಲೆಕ್ಕ. ಆ ಮಾತು ನನ್ನ ಕೆನ್ನೆಗೆ ಬಿದ್ದಂತಾಯಿತು. ಮೂರ್ತಿಯ ಕಡೆ ನೋಡಿದೆ. ಅವನು ಕುಂಬಳಕಾಯಿ ನೋಡುತ್ತಿದ್ದ.

ಹಬ್ಬ ಮುಗಿಯಿತು. ಕೆಲಸ ಶುರುವಾಗುವ ದಿನ ಶೆಡ್ಡಿಗೆ ಒಬ್ಬನೂ ಬರಲಿಲ್ಲ. ನಿಜ ಹೇಳುತ್ತೇನೆ, ಒಬ್ಬನಾದರೂ ಬರುತ್ತಾನೆ ಅಂದುಕೊಂಡಿದ್ದೆ. ನನ್ನ ಉಪ್ಪಿನಕಾಯಿಗಾದರೂ! ಎಲ್ಲ ಲಾರಿಗಳೂ ಚಕ್ರಕ್ಕೆ ಕಟ್ಟಿದ ಹೂವು ಒಣಗಿಸಿಕೊಂಡು ನಿಂತಿವೆ. “ಈಗ ಸಮಾಧಾನ ಆಯ್ತಾ?” ಅಂದ ಮೂರ್ತಿ. ಸಮಾಧಾನ ಆಗಲಿಲ್ಲ. ಆದರೆ ಮನೆಮಗನ ಹಾಗೆ ನೋಡುತ್ತೇವೆ ಅಂತ ಬರೆದಿದ್ದೆನಲ್ಲ, ಮನೆಮಕ್ಕಳು ಬಾಗಿಲು ತೆರೆದ ತಕ್ಷಣ ಹೀಗೆ ಓಡುತ್ತಾರಾ?

ನಿಮ್ಮ ಬಂದರಿನ ಹಡಗಿಗೆ ಹೋಗಬೇಕಾದ ಅಕ್ಕಿ ಮೂಟೆಗಳ ಲೋಡ್ ಕಾಯುವುದಿಲ್ಲ. ಎಲ್ಲ ಕಡೆ ಕೇಳಿ ಸಾಕಾಗಿ ಇವತ್ತು ಬೆಳಿಗ್ಗೆ ಮೂರ್ತಿಯೇ ಲಾರಿ ಹತ್ತಿದ. ಹುಡುಗನಾಗಿದ್ದಾಗ ಅವನ ಅಪ್ಪ ಕಲಿಸಿದ್ದರು, ಲೈಸೆನ್ಸು ಇಟ್ಟುಕೊಂಡಿದ್ದಾನೆ. ಹೊರಡುವಾಗ ದೇವರ ಕೋಣೆಗೆ ಬಂದು ಅದನ್ನು ನನ್ನ ಮುಂದೆ ಹಿಡಿದ. “ಇದಕ್ಕೂ ಒಂದು ಕುಂಕುಮ ಹಚ್ಚು” ಅಂದ. ಅವನ ಹಣೆಗೆ ಹಚ್ಚಿದೆ. “ಅದನ್ನು ಜೇಬಿನಲ್ಲಿ ಇಟ್ಕೋ. ಗೇಟಿನಲ್ಲಿ ಕೇಳ್ತಾರೆ” ಅಂದೆ.

ಆ ಸಾಲಿನಲ್ಲಿ ಅವನು ಎಷ್ಟು ದಿನ ಸಿಕ್ಕಿಕೊಳ್ಳುತ್ತಾನೋ. ಅವನಿಗೆ ಕಾಯುವುದು ಗೊತ್ತಿಲ್ಲ. ನೀನು ಗೇಟಿಗೆ ಕ್ಯಾರಿಯರ್ ಒಯ್ಯುತ್ತಿದ್ದೆಯಲ್ಲ. ಅವನಿಗೆ ಒಯ್ಯಬೇಕಾದ ಋಣ ನಿನಗಿಲ್ಲ, ಒಯ್ಯದಿದ್ದರೆ ನಾನು ಒಂದು ಮಾತೂ ಕೇಳುವುದಿಲ್ಲ. ಒಯ್ದರೆ, ಅವನಿಗೆ ಹುಳಿ ಮೊಸರು ಆಗುವುದಿಲ್ಲ.

ಈ ಕಾಗದ ಸ್ಪೀಡ್ ಪೋಸ್ಟಿನಲ್ಲಿ ಹಾಕಿಸುತ್ತಿದ್ದೇನೆ. ವೆಂಕಟೇಶನ ಲೈಸೆನ್ಸನ್ನು ಓಂಕಾರಪ್ಪನ ಕೈಲಿ ಕಳಿಸಿದ್ದೆ. ಮುಟ್ಟಿತಾ?

ಲಕ್ಷ್ಮೀಕಾಂತಮ್ಮ


ಮಲ್ಕಾಪುರಂ
10 ಅಕ್ಟೋಬರ್ 2017

ಅಮ್ಮನವರಿಗೆ,

ಈ ಕಾಗದ ಮತ್ತೆ ಲಾರಿಯಲ್ಲೇ ಬರುತ್ತಿದೆ. ತರುವವರು ನಿಮ್ಮ ಮಗ. ಜೊತೆಗೆ ಗೋಂಗೂರದ ಡಬ್ಬಿಯನ್ನೂ ತೊಳೆದು ಕೊಟ್ಟಿದ್ದೇನೆ. ಖಾಲಿಯಾಗಿದೆ.

ಯಾರ್ಡಿನವರು ಇವರನ್ನು ಮತ್ತೆ ಕರೆದರು. ಅಲ್ಲಿಯೂ ಡ್ರೈವರುಗಳಿಲ್ಲ. ಸದ್ಯಕ್ಕೆ ಪಾಸು ಕೊಟ್ಟಿದ್ದಾರೆ, ಕಾಯಂ ಮಾಡುತ್ತಾರೋ ಇಲ್ಲವೋ ನೋಡಬೇಕು. ವೆಂಕಟೇಶಣ್ಣನದರ ಅವಧಿ ಮುಗಿದಿದೆ, ಮತ್ತೆ ಆಫೀಸು ಸುತ್ತಬೇಕು. ಫೋಟೋ ನೋಡಿ “ನನಗೆ ಇಷ್ಟು ಕೂದಲಿತ್ತಾ?” ಅಂದರಂತೆ.

ನಿಮ್ಮ ಕಾಗದ ಬಂದ ದಿನ ಕ್ಯಾರಿಯರ್ ಕಟ್ಟಿಕೊಂಡು ಇವರ ಜೊತೆಗೆ ಗೇಟಿಗೆ ಹೋದೆ. ಒಯ್ಯಬಾರದು ಅಂತ ಅರ್ಧ ದಾರಿಯವರೆಗೂ ಅನ್ನಿಸುತ್ತಿತ್ತು. ಸಾಲಿನ ಕೊನೆಯಲ್ಲಿ ಲಾರಿ ಸಿಕ್ಕಿತು. ಮೂರ್ತಿಯಣ್ಣ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ನಿದ್ದೆ ಹೋಗಿದ್ದರು. ಗಡ್ಡದಲ್ಲೆಲ್ಲ ಕಲ್ಲಿದ್ದಲ ಪುಡಿ. ಬಾಗಿಲು ತಟ್ಟಿದೆ.

“ಅಮ್ಮ ಬರೆದಳಾ?” ಅಂದರು.

“ಹೂಂ.”

“ಏನಂತ?”

“ನಿಮಗೆ ಹುಳಿ ಮೊಸರು ಆಗಲ್ಲ ಅಂತ.”

ಕ್ಯಾರಿಯರ್ ಖಾಲಿಯಾಗುವವರೆಗೂ ಉಂಡರು. ಆಮೇಲೆ ಇವರ ಕಡೆ ನೋಡದೆ, “ಇಲ್ಲಿ ಸ್ನಾನ ಎಲ್ಲಿ ಮಾಡ್ತಾರೆ ಓಂಕಾರಪ್ಪ?” ಅಂದರು.

“ಮಾಡಲ್ಲ ಅಣ್ಣಾ” ಅಂದರು ಇವರು. “ನಾನು ಕೂತಿರ್ತೀನಿ. ಸಾಲು ಸರಿದರೆ ಗಾಡಿ ಮುಂದಕ್ಕೆ ಬಿಡ್ತೀನಿ. ನೀವು ಮನೆಗೆ ಹೋಗಿ ಬನ್ನಿ” ಅಂತ ಕ್ಯಾಬಿನ್ ಹತ್ತಿದರು. ಮೂರ್ತಿಯಣ್ಣ ಇಳಿದ ಮೇಲೂ ಬಾಗಿಲಿನ ಹಿಡಿ ಬಿಡಲಿಲ್ಲ. “ಬ್ಯಾಟರಿ…” ಅಂದು ಅಷ್ಟಕ್ಕೇ ನಿಲ್ಲಿಸಿದರು.

ನಮ್ಮ ಮನೆಯಲ್ಲಿ ಸ್ನಾನ ಮಾಡಿ ಗೋಡೆಗೆ ಒರಗಿ ಕೂತರು. ಬಿಂದು ನೆಂಟರ ಲೋಟವನ್ನು ತಟ್ಟೆಯಲ್ಲಿಟ್ಟು ತಂದು ಮುಂದೆ ಹಿಡಿದಳು. ಅವರು ತೆಗೆದುಕೊಂಡು, “ನಿಮ್ಮಪ್ಪ ಎಲ್ಲಮ್ಮಾ?” ಅಂತ ಕೇಳಿದರು, ಮಕ್ಕಳನ್ನು ಮಾತಾಡಿಸಲು ಕೇಳುವ ಹಾಗೆ.

“ನಿಮ್ಮ ಲಾರಿಯಲ್ಲಿ ಕೂತಿದಾರೆ” ಅಂದಳು ಬಿಂದು. “ಸಂಜೆ ಮನೆಗೆ ಬರ್ತಾರೆ. ನೀವು?”

ಜಲಜಾ